ಏಕಾಂಗಿ ವಿದೇಶಯಾತ್ರೆಗೆ ಆರೋಗ್ಯವೇ ಮೂಲಧನ

1865ರಲ್ಲಿ ಜನಿಸಿದ ಡಾ. ಆನಂದೀಬಾಯಿ ಜೋಶಿಯವರು 1883ರಲ್ಲಿ, ದೇಹಸ್ಥಿತಿ ಚೆನ್ನಾಗಿಲ್ಲದಿದ್ದರೂ, ಪತಿಯ ಜೊತೆಯಿಲ್ಲದೆ ಕಲ್ಕತ್ತೆಯಿಂದ ಹಡಗೇರಿ ವೈದ್ಯವಿದ್ಯೆಗಾಗಿ ಅಮೆರಿಕೆಗೆ ತೆರಳಿದರು. 1886ರಲ್ಲಿ ಪದವಿ ಪಡೆದ ಅವರು ಕ್ಷಯರೋಗಕ್ಕೆ ತುತ್ತಾಗಿ 1887ರ ಫೆಬ್ರವರಿಯಲ್ಲಿ ಪುಣೆಯಲ್ಲಿ ತೀರಿಕೊಂಡರು. ಅಂದು ಆ ರೋಗಕ್ಕೆ ಮದ್ದಿರಲಿಲ್ಲ.

ಇಂದು ಮದ್ದು, ಲಸಿಕೆ, ವಿಮೆ ಎಲ್ಲವೂ ಉಂಟು. ಆದರೂ ಬಹುಕಾಲದ ಕನಸಿನ ನಾಡಿಗೆ ಒಂಟಿಯಾಗಿ ಹೊರಡುವವರು ಹಣವನ್ನು ವರ್ಷಗಟ್ಟಲೆ ಕೂಡಿಟ್ಟು, ದೇಹದ ಚಿಂತೆಯನ್ನು ಕೊನೆಯ ವಾರಕ್ಕೆ ಬಿಡುತ್ತಾರೆ. ಇದು ವಿವೇಕವಲ್ಲ. ಆಫ್ರಿಕಾದ ಅನೇಕ ದೇಶಗಳು ಕೇಳುವ ಹಳದಿ ಜ್ವರದ ಲಸಿಕಾಪತ್ರವು, ಲಸಿಕೆ ಪಡೆದ 10 ದಿನಗಳ ನಂತರವೇ ಮಾನ್ಯವಾಗುತ್ತದೆ. ಹಳೆಯ ಕಾಯಿಲೆಯನ್ನು ಮುಚ್ಚಿಟ್ಟು ಮಾಡಿಸಿದ ವಿಮೆಯ ಹಣ ಆಪತ್ಕಾಲದಲ್ಲಿ ಕೈಸೇರದಿರಬಹುದು. ಹಣ ಸಾಲದಿದ್ದರೆ ಸಾಲ ದೊರೆತೀತು. ಆರೋಗ್ಯವನ್ನು ಸಾಲ ಕೊಡುವ ಬ್ಯಾಂಕು ಎಲ್ಲಿಯೂ ಇಲ್ಲ.