ಹೊಲದ ಎಲೆ, ಬಾಯಿಯ ಹುಣ್ಣು

ಚಿಕ್ಕೋಡಿ ಸೀಮೆಯಲ್ಲಿ ಹೊಗೆಸೊಪ್ಪಿಗೆ ವಿರೋಧವಾಗಿ ಮಾತನಾಡುವುದು ಸುಲಭವಲ್ಲ. ನಿಪ್ಪಾಣಿಯ ಪೇಟೆ ಬೆಳೆದದ್ದು ಈ ಎಲೆಯಿಂದ. ಅಲ್ಲಿಯ ವಖಾರಿಗಳಲ್ಲಿ ಸೊಪ್ಪನ್ನು ಪುಡಿಮಾಡಿ, ಜರಡಿ ಹಿಡಿದು, ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಸುತ್ತಿ ಮಕ್ಕಳನ್ನು ಓದಿಸಿದ ತಾಯಂದಿರು ಸಾವಿರಾರು ಮಂದಿ. ಈ ಲೇಖನವನ್ನು ಓದುವ ವಿದ್ಯಾರ್ಥಿಗಳಲ್ಲಿ ಕೆಲವರ ಕಾಲೇಜಿನ ಶುಲ್ಕವೂ ಅದೇ ದುಡಿಮೆಯಿಂದ ಸಂದಿರಬಹುದು. ಆದರೂ ಹೇಳಲೇಬೇಕಾದ ಮಾತೊಂದಿದೆ. ಬಾಯಿಯ ಕ್ಯಾನ್ಸರಿನ ಮುಖ್ಯ ಕಾರಣ ನಮ್ಮ ಹೊಲದಲ್ಲಿಯೇ ಇದೆ. ಅದರ ಮೊದಲ ಗುರುತು ಮನೆಯ ಕನ್ನಡಿಯಲ್ಲಿಯೇ ಕಾಣುತ್ತದೆ. ಹಾಗಿದ್ದೂ ನಮ್ಮ ಜನರು ಆಸ್ಪತ್ರೆಯ ಮೆಟ್ಟಿಲನ್ನು ಹತ್ತುವುದು ಬಹಳ ತಡವಾಗಿ. ಈ ತಡವನ್ನು ಹಣೆಬರಹವೆಂದು ನಾವು ಒಪ್ಪಲಾರೆವು.

ಕ್ಯಾನ್ಸರ್ ಎಂಬ ಲ್ಯಾಟಿನ್ ಶಬ್ದಕ್ಕೆ ಏಡಿ ಎಂದರ್ಥ. ನಮ್ಮವರೂ ಇದನ್ನು ಏಡಿಗಂತಿ ಎಂದು ಕರೆದುದುಂಟು. ಶರೀರದ ಪ್ರತಿಯೊಂದು ಜೀವಕೋಶವೂ ಯಾವಾಗ ಒಡೆದು ಎರಡಾಗಬೇಕು, ಯಾವಾಗ ನಿಲ್ಲಬೇಕು, ಯಾವಾಗ ಸಾಯಬೇಕು ಎಂಬ ಕಟ್ಟಳೆಯನ್ನು ತನ್ನೊಳಗಿನ ಡಿ.ಎನ್.ಎ.ಯಲ್ಲಿ ಹೊತ್ತಿರುತ್ತದೆ. ಈ ಬರಹದಲ್ಲಿ ತಪ್ಪುಗಳು ನುಸುಳುವುದು ಸಹಜ. ಅವುಗಳನ್ನು ತಿದ್ದುವ ಏರ್ಪಾಡೂ ಕೋಶದಲ್ಲಿದೆ. ತಿದ್ದಲಾರದಷ್ಟು ಕೆಟ್ಟ ಕೋಶವನ್ನು ತಡೆಯುವ ಅಥವಾ ಸಾವಿಗೆ ಒಪ್ಪಿಸುವ ಕಾವಲುಗಾರ ಜೀನುಗಳಲ್ಲಿ ಪಿ-53 ಎಂಬುದು ಪ್ರಸಿದ್ಧವಾದದ್ದು. ಆ ಕಾವಲುಗಾರನಿಗೇ ಏಟು ಬಿದ್ದರೆ ಕೆಟ್ಟ ಕೋಶ ಬದುಕಿ ಉಳಿಯುತ್ತದೆ, ತನ್ನಂತಹ ಕೋಶಗಳನ್ನು ಹುಟ್ಟಿಸುತ್ತದೆ, ಹೊಸ ತಪ್ಪುಗಳನ್ನು ಕೂಡಿಸಿಕೊಳ್ಳುತ್ತದೆ. ಕೊನೆಗೆ ಅದು ನೆರೆಯ ಮಾಂಸಕ್ಕೆ ನುಗ್ಗಿ, ಕುತ್ತಿಗೆಯ ಹಾಲುರಸದ ಗಂಟುಗಳನ್ನು ಸೇರಿ, ರಕ್ತದೊಡನೆ ದೂರದ ಅಂಗಗಳಿಗೂ ಹೋಗುತ್ತದೆ. ಇದೆಲ್ಲ ಒಂದು ದಿನದ ಕೆಲಸವಲ್ಲ. ಹತ್ತು, ಇಪ್ಪತ್ತು ವರ್ಷಗಳು ಬೇಕಾಗಬಹುದು. ಹದಿನಾರರ ಹುಡುಗ ಮಾವಾ ಜಗಿದರೆ ನಲವತ್ತಕ್ಕೆ ಹುಣ್ಣು ಕಾಣಿಸಬಹುದು. ನಡುವಿನ ಕಾಲದಲ್ಲಿ ಅವನಿಗೆ ಏನೂ ಆಗದಿರುವುದರಿಂದ ಸುತ್ತಲಿನವರಿಗೆ ಧೈರ್ಯ ಬರುತ್ತದೆ.

ಹೊರಗಿನ ವಸ್ತುವೊಂದು ಕ್ಯಾನ್ಸರನ್ನು ತರಬಲ್ಲುದೆಂದು ಮೊದಲು ಸ್ಪಷ್ಟವಾಗಿ ತೋರಿಸಿದವನು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್. ಚಿಕ್ಕಂದಿನಲ್ಲಿ ಹೊಗೆಗೂಡುಗಳನ್ನು ಗುಡಿಸಿದವರಿಗೆ ಮುಂದೆ ವೃಷಣದ ಚರ್ಮದಲ್ಲಿ ಏಳುವ ಹುಣ್ಣಿಗೆ ಹೊಗೆಮಸಿಯೇ ಮೂಲವೆಂದು ಅವನು 1775ರಲ್ಲಿ ಬರೆದನು. 1915ರಲ್ಲಿ ಜಪಾನಿನ ಯಾಮಗಿವಾ ಮತ್ತು ಇಚಿಕಾವಾ ಎಂಬವರು ಮೊಲದ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲ ಡಾಮರನ್ನು ಬಳಿದು ಅಲ್ಲಿ ಕ್ಯಾನ್ಸರನ್ನು ಬರಿಸಿ ತೋರಿಸಿದರು. ಬಾಯಿಯ ವಿಷಯದಲ್ಲಾದರೋ ನಮ್ಮ ದೇಶವೇ ಮುಂದೆ. ತೆಂಕಣ ತಿರುವಾಂಕೂರಿನ ನೆಯ್ಯೂರಿನಲ್ಲಿದ್ದ ವೈದ್ಯರಾದ ಆರ್ ಅವರು ಎಲೆಯಡಿಕೆಯೊಡನೆ ಹೊಗೆಸೊಪ್ಪು ಜಗಿಯುವವರ ಬಾಯಿಯ ಕ್ಯಾನ್ಸರಿನ ಮೇಲೆ 1933ರಲ್ಲಿಯೇ ಲೇಖನ ಪ್ರಕಟಿಸಿದರು. ಮುಂಬಯಿಯ ಸಾಂಘ್ವಿ, ರಾವ್ ಮತ್ತು ಖಾನೋಲಕರರು 1955ರಲ್ಲಿ ಸೇದುವ ಹಾಗೂ ಜಗಿಯುವ ಚಟಗಳನ್ನು ಬಾಯಿ ಗಂಟಲುಗಳ ಕ್ಯಾನ್ಸರಿನೊಡನೆ ಹೋಲಿಸಿ ಲೆಕ್ಕ ಕೊಟ್ಟರು. ವಿಷಯ ನಿನ್ನೆ ಮೊನ್ನೆ ತಿಳಿದುದಲ್ಲ.

ಹೊಗೆಸೊಪ್ಪಿನಲ್ಲಿ ಅಂತಹುದೇನಿದೆ? ನಿಕೋಟಿನ್ ಎಂಬುದು ಚಟವನ್ನು ಅಂಟಿಸುವ ದ್ರವ್ಯ. ಕ್ಯಾನ್ಸರಿಗೆ ಹೆಚ್ಚಾಗಿ ಕಾರಣವಾಗುವವು ಅದರ ಸಂಬಂಧಿಗಳಾದ ನೈಟ್ರೋಸಮೀನುಗಳು. ಕೊಯ್ದ ಹಸಿ ಎಲೆಯಲ್ಲಿ ಇವು ಅತ್ಯಲ್ಪ. ಎಲೆಯನ್ನು ಬಿಸಿಲಿನಲ್ಲಿ ಒಣಗಿಸಿ, ಹದಕ್ಕೆ ತಂದು, ಮೂಟೆಕಟ್ಟಿ ಇಡುವ ಕಾಲದಲ್ಲಿ ಸೂಕ್ಷ್ಮಜೀವಿಗಳು ಎಲೆಯೊಳಗಿನ ನೈಟ್ರೇಟನ್ನು ನೈಟ್ರೈಟನ್ನಾಗಿ ಮಾಡುತ್ತವೆ. ಅದು ನಿಕೋಟಿನ್ ಮೊದಲಾದ ಕ್ಷಾರಗಳೊಡನೆ ಕೂಡಿ ಈ ವಿಷ ಹುಟ್ಟುತ್ತದೆ. ರೈತನು ಕಂಪು ಹದ ಎಂದು ಯಾವುದನ್ನು ಮೆಚ್ಚುತ್ತಾನೋ ಆ ಹದವಾಗುವಾಗಲೇ ವಿಷವೂ ಕೂಡುತ್ತದೆ! ಶರೀರವನ್ನು ಹೊಕ್ಕ ಬಳಿಕ ಇವು ಡಿ.ಎನ್.ಎ.ಗೆ ಅಂಟಿಕೊಂಡು ಅದರ ಬರಹವನ್ನು ಕೆಡಿಸುತ್ತವೆ. ಜೊತೆಗೆ ಹಚ್ಚುವ ಸುಣ್ಣವು ನಿಕೋಟಿನ್ ಬೇಗ ಹೀರಿಕೊಳ್ಳುವಂತೆ ಮಾಡಿ ಕೆನ್ನೆಯ ಒಳಪೊರೆಯನ್ನು ಕೆರಳಿಸುತ್ತದೆ. ಇನ್ನು ಅಡಿಕೆ. ಹೊಗೆಸೊಪ್ಪಿಲ್ಲದ ಎಲೆಯಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು 2003ರಲ್ಲಿ ಸೇರಿ ತೀರ್ಮಾನಿಸಿದರು. ಅಡಿಕೆ ಕೆನ್ನೆಯ ಒಳಭಾಗವನ್ನು ನಾರುನಾರಾಗಿ ಬಿಗಿಸುತ್ತದೆ; ಬಾಯಿ ಎರಡು ಬೆರಳಗಲವೂ ತೆರೆಯದಂತಾಗುತ್ತದೆ. ಪಾನಮಸಾಲೆಯ ಚೀಟಿ ಹರಿಯುವ ಹುಡುಗರಲ್ಲಿ ಇಂದು ಇದನ್ನು ಕಾಣುತ್ತೇವೆ.

ಬೀಡಿಯು ಸಿಗರೇಟಿಗಿಂತ ಸೌಮ್ಯವೆಂಬ ನಂಬಿಕೆಯೊಂದು ನಮ್ಮಲ್ಲಿದೆ. ಇದು ಸುಳ್ಳು. ಬೀಡಿಯ ಎಲೆಯಲ್ಲಿ ಗಾಳಿಯಾಡುವುದು ಕಡಿಮೆ. ಆರಿಹೋಗದಂತೆ ಮತ್ತೆ ಮತ್ತೆ ಬಲವಾಗಿ ಎಳೆಯಬೇಕಾಗುತ್ತದೆ. ಒಳಗಿರುವ ಸೊಪ್ಪು ಚಿಟಿಕೆಯಷ್ಟಾದರೂ ಹೊಗೆಯಲ್ಲಿ ಇಳಿಯುವ ಟಾರು ಮತ್ತು ನಿಕೋಟಿನ್ ಹೇರಳ. ಹಾಗೆಯೇ ಸುಟ್ಟ ಹೊಗೆಸೊಪ್ಪಿನ ಮಶೇರಿಯಿಂದ ಹಲ್ಲುಜ್ಜುವ ಆಯಿಯು ತಾನು ಯಾವ ಚಟವನ್ನೂ ಅರಿಯೆನೆಂದೇ ತಿಳಿದಿರುತ್ತಾಳೆ. ಬಾಯಿಯ ಪೊರೆಗೆ ಆ ಭೇದವಿಲ್ಲ. ಎಲ್ಲ ಕ್ಯಾನ್ಸರುಗಳಿಗೂ ಹೊಗೆಸೊಪ್ಪೇ ಕಾರಣವೆಂದು ನಾವು ಹೇಳುತ್ತಿಲ್ಲ; ಗರ್ಭಕೊರಳಿನ ಕ್ಯಾನ್ಸರ್ ವೈರಾಣುವಿನಿಂದ ಬರುವಂತಹುದು, ಅದಕ್ಕೆ ಲಸಿಕೆಯೂ ಇದೆ. ಆ ವಿಷಯ ಬೇರೆಯೇ ಲೇಖನಕ್ಕೆ ತಕ್ಕದ್ದು.

ಬಾಯಿಯ ಕ್ಯಾನ್ಸರಿನಲ್ಲಿ ಪ್ರಕೃತಿ ನಮಗೆ ಒಂದು ಉಪಕಾರವನ್ನು ಮಾಡಿದೆ. ಮೇದೋಜೀರಕದಲ್ಲಿ, ಅಂಡಾಶಯದಲ್ಲಿ ಏಳುವ ಗಂತಿಯು ಮರೆಯಲ್ಲಿ ಬೆಳೆಯುತ್ತದೆ. ಬಾಯಿಯದು ಹಾಗಲ್ಲ. ಎಷ್ಟೋ ಸಲ ಹುಣ್ಣಿಗೆ ವರ್ಷಗಳ ಮುಂಚೆಯೇ, ಉಜ್ಜಿದರೂ ಹೋಗದ ಬಿಳಿಯ ಮಚ್ಚೆ ಕೆನ್ನೆಯ ಒಳಗೆ ಅಥವಾ ನಾಲಗೆಯ ಅಂಚಿನಲ್ಲಿ ಕಾಣಿಸುತ್ತದೆ. ಮಚ್ಚೆ ಕೆಂಪಾಗಿದ್ದರೆ ಅಪಾಯ ಇನ್ನೂ ಹೆಚ್ಚು. ಎರಡು ಮೂರು ವಾರಗಳಲ್ಲಿ ಮಾಯದ ಹುಣ್ಣು, ಕಾರಣವಿಲ್ಲದೆ ಅಲುಗುವ ಹಲ್ಲು, ಖಾರ ತಗುಲಿದರೆ ಸಹಿಸದ ಉರಿ, ಕುತ್ತಿಗೆಯಲ್ಲಿ ಗಟ್ಟಿಯಾದ ಗಂಟು: ಇವುಗಳಲ್ಲಿ ಯಾವುದಿದ್ದರೂ ವೈದ್ಯರು ನೋಡಬೇಕು. ಬಿಳಿಯ ಮಚ್ಚೆಗಳೆಲ್ಲ ಕ್ಯಾನ್ಸರಾಗುವುದಿಲ್ಲ. ಚಟ ಬಿಟ್ಟರೆ ಅನೇಕವು ಕುಗ್ಗುವುದೂ ಉಂಟು. ಯಾವುದು ಯಾವುದೆಂದು ಹೇಳಬಲ್ಲುದು ತುಣುಕು ಮಾಂಸವನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಮಾತ್ರ.

ಈ ನೋಟ ಫಲಕೊಡುವುದೆಂಬುದಕ್ಕೆ ಆಧಾರ ಕೇರಳದಲ್ಲಿ ದೊರೆತಿದೆ. ತಿರುವನಂತಪುರದ ಬಳಿಯ ಹದಿಮೂರು ಪಂಚಾಯತಿಗಳಲ್ಲಿ 1996ರಿಂದ ನಡೆದ ಪ್ರಯೋಗದಲ್ಲಿ, ವೈದ್ಯರಲ್ಲದ ಪದವೀಧರರಿಗೆ ತರಬೇತಿ ಕೊಟ್ಟು ಮನೆಮನೆಗೆ ಕಳುಹಿಸಿ ಬಾಯಿಗಳನ್ನು ಪರೀಕ್ಷಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೊಗೆಸೊಪ್ಪು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವುಗಳು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾದವು. ಅಲ್ಲಿ ಬಳಸಿದ ಮುಖ್ಯ ಉಪಕರಣ ಬೆಳಕು ಮತ್ತು ಕಣ್ಣು.

ಹಾಗಾದರೆ ನಮ್ಮವರು ತಡಮಾಡುವುದೇಕೆ? ಮೊದಲ ಹಂತದಲ್ಲಿ ನೋವಿಲ್ಲ. ನೋಯದ ಹುಣ್ಣಿಗಾಗಿ ಒಂದು ದಿನದ ಕೂಲಿ ಬಿಡುವವರಾರು? ಮೇಲಾಗಿ, ಕತ್ತರಿ ಸೋಕಿದರೆ ಹುಣ್ಣು ಮೈಯೆಲ್ಲ ಹರಡುತ್ತದೆಂಬ ಭಯವೊಂದಿದೆ. ವಾಸ್ತವದಲ್ಲಿ ಹರಡುವುದು ಕಾಯುತ್ತ ಕುಳಿತುದರಿಂದ. ಚಿಕ್ಕದಿರುವಾಗ ಹಿಡಿದ ಗಂತಿಯನ್ನು ಶಸ್ತ್ರಚಿಕಿತ್ಸೆಯಿಂದಲೋ ವಿಕಿರಣದಿಂದಲೋ ತೆಗೆದರೆ ಬಹುಪಾಲು ಜನರು ಗುಣಹೊಂದುತ್ತಾರೆ. ದವಡೆಯ ಮೂಳೆಯನ್ನೂ ಕುತ್ತಿಗೆಯ ಗಂಟುಗಳನ್ನೂ ಹಿಡಿದ ಮೇಲೆ ಬಂದರೆ ದವಡೆಯ ಭಾಗವನ್ನೇ ಕತ್ತರಿಸಿ, ವಿಕಿರಣ ಕೊಟ್ಟು, ಔಷಧಗಳನ್ನು ಏರಿಸಿ, ಹೊಲ ಅಡವಿಟ್ಟೂ ಉಳಿಯುವುದು ಅನಿಶ್ಚಿತ. ಕಾಗವಾಡ, ಅಥಣಿ, ರಾಯಬಾಗಗಳ ಜನರು ಗಡಿ ದಾಟಿ ಮಿರಜಿಗೆ ಹೋಗುವುದು ರೂಢಿ, ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತು; ಹುಬ್ಬಳ್ಳಿಯ ನವನಗರದಲ್ಲಿಯೂ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿಯೂ ಚಿಕಿತ್ಸೆಯುಂಟು. ಆಸ್ಪತ್ರೆಗಳು ಬೇಕು, ನಿಜ. ಆದರೆ ನಾಲ್ಕನೆಯ ಹಂತದಲ್ಲಿ ಬಂದವನಿಗೆ ಹತ್ತಿರದ ಆಸ್ಪತ್ರೆಯೂ ದೂರವೇ.

ಕಾಯಿದೆಯ ಮಾತನ್ನೂ ಆಡಬೇಕು. ಕರ್ನಾಟಕದಲ್ಲಿ ಗುಟಕಾ 2013ರಲ್ಲಿ ನಿಷಿದ್ಧವಾಯಿತು. ಮಾರುವವರು ಪಾನಮಸಾಲೆಯನ್ನು ಒಂದು ಚೀಟಿಯಲ್ಲಿ, ಹೊಗೆಸೊಪ್ಪನ್ನು ಇನ್ನೊಂದರಲ್ಲಿ ಇಟ್ಟು ಮಾರತೊಡಗಿದರು. ಕೊಂಡವನು ಅಂಗೈಯಲ್ಲಿ ಬೆರೆಸಿದನು. ಇಂತಹ ನಿಷೇಧದಿಂದ ತೃಪ್ತಿಪಡುವವರ ಜಾಣತನವನ್ನು ನಾವು ಮೆಚ್ಚಲಾರೆವು. ಇನ್ನು ಕೆಲವರು ಬೆಳೆಯುವ ರೈತನನ್ನೇ ಅಪರಾಧಿಯೆಂದು ಬೆರಳುಮಾಡುತ್ತಾರೆ. 1981ರಲ್ಲಿ ನ್ಯಾಯವಾದ ಬೆಲೆ ಕೇಳಿ ನಿಪ್ಪಾಣಿಯ ಹೆದ್ದಾರಿಯಲ್ಲಿ ಕುಳಿತ ಹೊಗೆಸೊಪ್ಪಿನ ರೈತರ ಮೇಲೆ ಗುಂಡು ಹಾರಿತು, ಹಲವರು ಸತ್ತರು. ಆ ಬೆಳೆಯಿಂದ ರೈತನು ಕುಬೇರನಾಗಲಿಲ್ಲ. ವಖಾರಿಯ ಹೆಣ್ಣಾಳುಗಳು ಸಂಘ ಕಟ್ಟಿ ಕೂಲಿಗಾಗಿ ಹೋರಾಡಿದ ಕಥೆಯನ್ನು ಛಾಯಾ ದಾತಾರರು 1989ರಲ್ಲಿ ಪುಸ್ತಕವಾಗಿ ಬರೆದಿದ್ದಾರೆ. ದೂಳು ಕುಡಿದು ಕೆಮ್ಮುವವರು ಅವರು. ಹಸಿ ಎಲೆಯನ್ನು ಮುಟ್ಟಿದ ಕೈಯಿಂದ ನಿಕೋಟಿನ್ ಏರಿ ತಲೆಸುತ್ತಿ ವಾಂತಿಮಾಡುವವರು ಹೊಲದ ಆಳುಗಳು. ನೀರು ಬಂದ ಕಡೆಗಳಲ್ಲಿ ಕಬ್ಬು, ಬೇರೆಡೆ ಸೋಯಾ ಅವರೆ ಈ ಬೆಳೆಯ ಜಾಗವನ್ನು ಈಗಾಗಲೇ ಹಿಡಿಯುತ್ತಿವೆ. ರೈತನು ಬೇರೆ ಬೆಳೆಗೆ, ಬೀಡಿ ಸುತ್ತುವ ಹೆಂಗಸು ಬೇರೆ ಕಸುಬಿಗೆ ದಾಟಲು ಸರಕಾರ ವೆಚ್ಚಮಾಡುವ ಹಣವನ್ನು ಕ್ಯಾನ್ಸರ್ ನಿವಾರಣೆಯ ಲೆಕ್ಕದಲ್ಲಿಯೇ ಬರೆಯಬೇಕೆಂಬುದು ನಮ್ಮ ಅಭಿಪ್ರಾಯ.

ಅಲ್ಲಿಯವರೆಗೆ ವಿದ್ಯಾರ್ಥಿಗಳು ಕಾಯಬೇಕಾಗಿಲ್ಲ. ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳ ಕಾಲೇಜುಗಳು ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳನ್ನು ಹಳ್ಳಿಗಳಲ್ಲಿ ನಡೆಸುತ್ತವೆ. ಗಟಾರ ಬಳಿಯುವುದರ ಜೊತೆಗೆ ಒಂದು ದಿನವನ್ನು, ದಂತವೈದ್ಯರೊಬ್ಬರನ್ನು ಕರೆದು, ಬಾಯಿ ನೋಡಲು ಕಲಿಯುವುದಕ್ಕೆ ಮೀಸಲಿಡಲಿ. ಮನೆಯಲ್ಲಿ ತಿಂಗಳಿಗೊಮ್ಮೆ ಮುತ್ಯಾನನ್ನೂ ಆಯಿಯನ್ನೂ ಬಿಸಿಲಿಗೆ ಮುಖಮಾಡಿ ಕೂರಿಸಿ, ಎಲೆಯಡಿಕೆಯ ಸಂಚಿಯನ್ನು ಪಕ್ಕಕ್ಕಿಡಿಸಿ, ಬಾಯಿ ಮುಕ್ಕಳಿಸಲು ನೀರು ಕೊಡಬೇಕು. ಎರಡೂ ಕೆನ್ನೆಗಳ ಒಳಗು, ತುಟಿಗಳ ಹಿಂಬದಿ, ವಸಡು, ನಾಲಗೆಯ ಮೇಲು ಕೆಳಗು ಮತ್ತು ಎರಡೂ ಅಂಚು, ಅಂಗುಳ, ನಾಲಗೆಯ ಕೆಳಗಿನ ನೆಲ: ಇಷ್ಟನ್ನು ನೋಡಲು ಐದು ನಿಮಿಷ ಸಾಕು. ಮಚ್ಚೆ ಕಂಡರೆ ಎಲ್ಲಿ, ಎಷ್ಟು ಅಗಲ, ಯಾವ ಬಣ್ಣವೆಂದು ತಾರೀಖಿನೊಡನೆ ಬರೆದಿಟ್ಟು, ಆ ವಾರವೇ ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಲ್ಲಿಗೆ ಜೊತೆಯಾಗಿ ಹೋಗಬೇಕು. ಒಬ್ಬರನ್ನೇ ಕಳುಹಿಸಿದರೆ ಅವರು ಸಂತೆ ಮುಗಿಸಿಕೊಂಡು ಹಿಂದಿರುಗುವ ಸಂಭವವೇ ಹೆಚ್ಚು.