ಆ ಬಟ್ಟೆ ಎಲ್ಲರದಲ್ಲ

ಬಾರ್ಬಡೋಸ್ ಎಂದರೆ ನಮಗೆ ಕ್ರಿಕೆಟ್. 2024ರಲ್ಲಿ ನಮ್ಮವರು ಟಿ-20 ವಿಶ್ವಕಪ್ ಗೆದ್ದದ್ದು ಅಲ್ಲಿಯೇ. ಸುಮಾರು 430 ಚದರ ಕಿಲೋಮೀಟರಿನ ಆ ಪುಟ್ಟ ದ್ವೀಪದಲ್ಲಿ, ಹಸಿರು-ಕಂದು ಮಚ್ಚೆಗಳ ಮಿಲಿಟರಿ ಬಟ್ಟೆಯನ್ನು ಸೈನಿಕರಲ್ಲದವರು ತೊಡುವುದು ಅಪರಾಧ. ಮಕ್ಕಳಿಗೂ ವಿನಾಯಿತಿಯಿಲ್ಲ. ಆ ಬಟ್ಟೆಯ ಚೀಲವನ್ನೂ ಹಿಡಿಯುವಂತಿಲ್ಲ.

ಇದನ್ನು ಹೇಳಿದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. “ಮಗುವಿನ ಚಡ್ಡಿಗೂ ಕಾನೂನೇ?” ಎಂದರು. ನನಗೆ ನಗು ಬರಲಿಲ್ಲ.

1979ರಲ್ಲಿ ಕಟ್ಟಿದ ಅಲ್ಲಿನ ರಕ್ಷಣಾ ಪಡೆ ಚಿಕ್ಕದು. ಚಂಡಮಾರುತ ಬಂದರೂ, ಪೊಲೀಸರಿಗೆ ನೆರವು ಬೇಕಾದರೂ ಅದೇ ಬೀದಿಗಿಳಿಯಬೇಕು. ಅಪರಾತ್ರಿ ಬಾಗಿಲು ಬಡಿದವನು ಸೈನಿಕನೋ, ಆ ವೇಷದ ಕಳ್ಳನೋ? ಮಕ್ಕಳನ್ನು ಕಟ್ಟಿಕೊಂಡು ಒಬ್ಬಳೇ ಇರುವ ಹೆಂಗಸಿಗೆ ತಿಳಿಯುವುದು ಹೇಗೆ?

ಮಗು ಕಳ್ಳನಲ್ಲ, ಒಪ್ಪಿದೆ. ಆದರೆ ಊರಿಗೆ ಊರೇ ತೊಟ್ಟ ಬಟ್ಟೆ ಯಾರ ಗುರುತಾಗಿಯೂ ಉಳಿಯುವುದಿಲ್ಲ. 28 ವರ್ಷ ಯೂನಿಫಾರ್ಮಿನ ಮಕ್ಕಳ ನಡುವೆ ಕಳೆದವಳು ನಾನು. ಗುರುತಿನ ಬೆಲೆ ಬಲ್ಲೆ.

ಪ್ರವಾಸಿಗರ ಪೆಟ್ಟಿಗೆಯಲ್ಲಿ ಬೇರೆ ಅಂಗಿಗಳು ಇದ್ದೇ ಇರುತ್ತವೆ. ಆ ಹೆಂಗಸಿಗಿರುವುದು ಒಂದೇ ಬಾಗಿಲು. ನಕ್ಕವರು ಅದರ ಚಿಲಕ ಹಿಡಿದು ನಿಂತು ಇನ್ನೊಮ್ಮೆ ನಗಲಿ, ನೋಡೋಣ.