ಮೂತಿ ಭಾರ ಎಷ್ಟು?

ಫಸ್ಟ್ ಇಯರ್ ಮೆಕ್ಯಾನಿಕ್ಸ್‌ನಲ್ಲಿ ಮೊಮೆಂಟ್ ಲೆಕ್ಕಕ್ಕೆ ನಂಗೆ ಹತ್ತಕ್ಕೆ ಹತ್ತು. ಆ ಲೆಕ್ಕ ಯಾಕೆ ಬೇಕು ಅಂತ ಗೊತ್ತಾಗಿದ್ದು ಮಾತ್ರ ಹೆದ್ದಾರಿ 66ರಲ್ಲಿ, ಮಾವನ ಜೀಪಿನಲ್ಲಿ.

ಕುಂದಾಪುರದ ಮಾವ ಹೊಳೆಯಲ್ಲಿ ಗಾಳ ಹಾಕೋಕೆ ಅಂತ 14 ಅಡಿಯ ಹಳೇ ಫೈಬರ್ ದೋಣಿ ತಗೊಂಡಿದ್ರು. ಎಳೆಯೋಕೆ ಒಂದು ಟ್ರೈಲರ್ ವೆಲ್ಡ್ ಮಾಡಿಸಿದ್ರು. ವೆಲ್ಡಿಂಗ್ ಗಟ್ಟಿ, ಪೇಂಟ್ ಚಂದ. ದೋಣಿ ಎಲ್ಲಿ ಕೂರಬೇಕು ಅನ್ನೋದು ಮಾತ್ರ ಕಣ್ಣಂದಾಜು. ಸ್ಪೀಡ್ 60 ದಾಟಿದ್ದೇ ತಡ, ಟ್ರೈಲರ್ ಆ ಕಡೆ ಈ ಕಡೆ ಬೀಸೋಕೆ ಶುರು. ಪಕ್ಕದಲ್ಲೇ ಸ್ಕೂಟರ್, ಮುಂದೆ ನಿಂತ ಮಗು. ಮಾವ ಬ್ರೇಕ್ ಒತ್ತಲಿಲ್ಲ, ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಬಿಟ್ರು. ಬಚಾವಾದ್ವಿ.

ಮನೆಗೆ ಬಂದು ಟ್ರೈಲರ್‌ನ ಮೂತಿ ಕೆಳಗೆ ತೂಕ ನೋಡೋ ಮಷೀನ್ ಇಟ್ವಿ. ದೋಣಿ, ಇಂಜಿನ್, ಟ್ರೈಲರ್ ಎಲ್ಲಾ ಸೇರಿ ಸುಮಾರು 300 ಕೆಜಿ. ಅದರಲ್ಲಿ ಹತ್ತು ಪರ್ಸೆಂಟ್ ಹತ್ತಿರ, ಅಂದ್ರೆ 30 ಕೆಜಿ, ಮೂತಿ ಮೇಲೆ ಇರಬೇಕು. ಇದ್ದಿದ್ದು 8! ಪುಸ್ತಕದಲ್ಲಿ ಇದು ಟಂಗ್ ವೇಯ್ಟ್. ಮಾವ 'ಮೂತಿ ಭಾರ' ಅಂದ್ರು, ನಂಗೆ ಅದೇ ಇಷ್ಟ ಆಯ್ತು.

22 ಕೆಜಿ ಕಮ್ಮಿ. ಆಕ್ಸಲ್‌ನಿಂದ ಮೂತಿಗೆ 3 ಮೀಟರ್. ದೋಣಿ, ಇಂಜಿನ್ ಸೇರಿ 200 ಕೆಜಿ. 22 ಗುಣಿಸು 3, ಭಾಗಿಸು 200: 0.33 ಮೀಟರ್. ವಿಂಚ್ ಕಂಬ ಬಿಚ್ಚಿ, ದೋಣಿಯನ್ನ ಒಂದಡಿ ಮುಂದೆ ತಂದ್ವಿ, ಅಷ್ಟೇ. ಮೊದಲು ಹಲಗೆಯಿಂದ ಆಚೆ ನೇತಾಡ್ತಿದ್ದ ಹಿಂಭಾಗವೂ ಈಗ ಹಲಗೆ ಮೇಲೆ ಕೂತಿದೆ. ಇಂಜಿನ್ ಭಾರ ಬೀಳೋದೇ ಅಲ್ಲಿ. ಹಿಂದೆ ಎರಡು ಬೆಲ್ಟ್ ಬಿಗಿದ್ವಿ, ವಿಂಚ್ ಹಗ್ಗ ಒಂದನ್ನೇ ನಂಬೋ ಹಾಗಿಲ್ಲ.

ವೆಲ್ಡಿಂಗ್ ಮಾಡಿದವರನ್ನ ಬೈಯೋಕೆ ನಂಗೆ ಮನಸ್ಸಿಲ್ಲ. ಅವರಿಗೆ ವೆಲ್ಡಿಂಗ್ ಬರುತ್ತೆ, ನಮಗೆ ಮೊಮೆಂಟ್ ಬರುತ್ತೆ, ನಾವಿಬ್ರೂ ಮಾತಾಡಲ್ಲ. ಟ್ರೈಲರ್ ಮಾಡಿಸುವಾಗ ನಾನೂ ಪಕ್ಕದಲ್ಲೇ ನಿಂತು ಮೊಬೈಲ್ ನೋಡ್ತಿದ್ದೆ. ಮಿನಿ ಪ್ರಾಜೆಕ್ಟ್ ಅಂದ್ರೆ ನಾವು ಪ್ರತಿ ವರ್ಷ ಅದೇ ಲೈನ್ ಫಾಲೋವರ್ ರೋಬೋ ತರಿಸಿ, ಜೋಡಿಸಿ, ರಿಪೋರ್ಟ್ ಬರೀತೀವಿ. ಅದರ ಬದಲು ನಾಲ್ಕು ಜನ ಒಂದು ಮಷೀನ್ ಹಿಡ್ಕೊಂಡು ಟ್ರೈಲರ್ ಮಾಡೋ ಶೆಡ್‌ಗೆ ಯಾಕೆ ಹೋಗಬಾರದು? ಗೈಡ್ ಒಪ್ಪಲ್ಲ ಅಂತೀರಾ? ನಾನು ಸಿನಾಪ್ಸಿಸ್ ಕೊಟ್ಟಾಗಿದೆ. ಇನ್ನೂ ಇಬ್ಬರು ಬೇಕು. ಬ್ರಾಂಚ್ ಯಾವುದಾದ್ರೂ ಪರವಾಗಿಲ್ಲ, ಗ್ರೀಸ್‌ಗೆ ಕೈ ಹಾಕೋರು ಆಗಬೇಕು.